ವಿಮಾನದ ಸಾಹೇಬರ ಮನೆಯಲ್ಲಿ ಒಂದು ಮಳೆಗಾಲ

ಹೋದ ತಿಂಗಳು ಗುಂಡ್ಲುಪೇಟೆಯಲ್ಲಿ ಒಬ್ಬ ರೋಗಿಯನ್ನು ನೋಡಿಕೊಂಡು ಚಾಮರಾಜನಗರಕ್ಕೆ ವಾಪಸು ಬರುತ್ತಿದ್ದೆ. ನಮ್ಮ ಬಸ್ಸಿನ ಮುಂದೆ ಚೆಂಡುಹೂವು ತುಂಬಿದ ಲಾರಿಯೊಂದು ಹೋಗುತ್ತಿತ್ತು. ತೆರಕಣಾಂಬಿ ಬರುವವರೆಗೂ ಡ್ರೈವರ್‌ಗೆ ಅದನ್ನು ಹಿಂದೆ ಹಾಕಲು ಆಗಲಿಲ್ಲ. ಕಿಟಕಿಯಿಂದ ವಾಸನೆ ನುಗ್ಗುತ್ತಲೇ ಇತ್ತು. ಗುಡ್ಡೆ ಹಾಕಿದ ಚೆಂಡುಹೂವಿಗೆ ದೇವರ ಮನೆಯ ಪರಿಮಳ ಇರುವುದಿಲ್ಲ. ಸ್ವಲ್ಪ ಕಹಿ, ಸ್ವಲ್ಪ ಔಷಧಿ, ಹಸಿ ಸೊಪ್ಪನ್ನು ಅಂಗೈಯಲ್ಲಿ ಹಿಸುಕಿದ ಹಾಗೆ. ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನಾನು ಕಿಟಕಿಯನ್ನು ಇನ್ನಷ್ಟು ತೆರೆದೆ. ನನ್ನ ಬದುಕಿನ ಒಂದಿಡೀ ಮಳೆಗಾಲ ಆ ವಾಸನೆಯಲ್ಲೇ ಕಳೆದಿತ್ತು.

ಆಗ ನಾನು ಫಿಸಿಯೋಥೆರಪಿ ಓದು ಮುಗಿಸಿ ಚಾಮರಾಜನಗರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ್ದೆ. ದಿನಾ ಹರದನಹಳ್ಳಿಯಿಂದ ಬರುತ್ತಿದ್ದೆ. ನಮ್ಮ ಮನೆಯಲ್ಲಿ ಯಾರಿಗೂ ನನ್ನ ಕೆಲಸ ಏನೆಂದು ಸರಿಯಾಗಿ ಅರ್ಥವಾಗಿರಲಿಲ್ಲ. "ಕಾಲು ಒತ್ತಕ್ಕೆ ಇಷ್ಟು ವರ್ಷ ಓದ್ಬೇಕಿತ್ತೇನಮ್ಮಿ?" ಎಂದು ಅಜ್ಜಿ ಕೇಳುತ್ತಿದ್ದಳು. ಹಾಗಿರುವಾಗ ಒಂದು ದಿನ ಡಾಕ್ಟರು ನನ್ನನ್ನು ಕರೆದು, "ಗುಂಡ್ಲುಪೇಟೆ ಹತ್ತಿರ ಏರ್‌ಫೋರ್ಸಿನಲ್ಲಿದ್ದ ಹಿರಿಯರೊಬ್ಬರಿದ್ದಾರೆ. ಅವರ ಹೆಂಡತಿಗೆ ಸ್ಟ್ರೋಕ್ ಆಗಿದೆ. ಬಲಗಡೆ ಪೂರ್ತಿ ಬಿದ್ದುಹೋಗಿದೆ, ಮಾತೂ ಇಲ್ಲ. ವಾರಕ್ಕೆ ಮೂರು ದಿನ ಹೋಗಿ ಬಾ. ವಯಸ್ಸಾಗಿದೆ, ಹೆಚ್ಚು ಆಸೆ ಹುಟ್ಟಿಸಬೇಡ" ಎಂದರು.

ವಿಳಾಸ ಬೇಕಾಗಲೇ ಇಲ್ಲ. ಊಟಿ ರಸ್ತೆಯ ಬಸ್ಸಿನ ಕಂಡಕ್ಟರ್ ಕ್ಲಿನಿಕ್ಕಿನ ಹೆಸರಿದ್ದ ನನ್ನ ಬ್ಯಾಗು ನೋಡಿ, "ವಿಮಾನದ ಸಾಹೇಬ್ರ ಮನೆಗಾ? ಅವ್ರ ಗೇಟ್ ತಾವೇ ಇಳಿಸ್ತೀನಿ ಕೂತ್ಕೊ" ಎಂದ. ರಸ್ತೆಯ ಎರಡೂ ಕಡೆ ಸೂರ್ಯಕಾಂತಿ ಅರಳಿ ನಿಂತಿತ್ತು. ಕೇರಳದ ಕಾರುಗಳು ಸಾಲಾಗಿ ನಿಂತಿದ್ದವು. ಜನ ಹೊಲಕ್ಕಿಳಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅದನ್ನು ದಾಟಿದರೆ ಚೆಂಡುಹೂವಿನ ಸಾಲು. ಸಾಲಿನ ಕೊನೆಗೆ ಒಂದು ಹೆಂಚಿನ ಮನೆ, ಗೇಟಿನ ಪಕ್ಕದ ಗೂಡಿನಲ್ಲಿ ಯೇಸುವಿನ ತಾಯಿ ಮರಿಯಮ್ಮನ ಪುಟ್ಟ ಮೂರ್ತಿ. ಹಿಂದೆ ಗೋಪಾಲಸ್ವಾಮಿ ಬೆಟ್ಟ ಮೋಡ ಹೊದ್ದುಕೊಂಡು ಕೂತಿತ್ತು.

ಗೇಟಿನ ಬಳಿ ಅವರೇ ನಿಂತಿದ್ದರು. ವಿಂಗ್ ಕಮಾಂಡರ್ ಇನ್ನಾಸಪ್ಪ. ಎಂಬತ್ತೈದು ದಾಟಿದ ದೇಹ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಮನೆಯಲ್ಲಿದ್ದರೂ ಕಾಲಿಗೆ ಪಾಲಿಶ್ ಮಾಡಿದ ಶೂ. ಇಂಗ್ಲಿಷಿನಲ್ಲಿ ಮಾತನಾಡಿಸುತ್ತಾರೆ ಅಂದುಕೊಂಡು ನಾನು ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅವರು, "ಬಾ ಕಣವ್ವ. ಬಸ್ಸಲ್ಲಿ ಸೀಟು ಸಿಕ್ತಾ? ಮೊದ್ಲು ಕಾಪಿ ಕುಡಿ, ಆಮೇಲೆ ನೋಡನ" ಎಂದರು. ಅದು ನನ್ನ ಅಜ್ಜಿಯ ಕನ್ನಡ. ಪುಣಜನೂರಿನಲ್ಲಿ ಹುಟ್ಟಿದ ಮನುಷ್ಯ ದೇಶದ ಆಕಾಶವನ್ನೆಲ್ಲ ಸುತ್ತಿ ಬಂದರೂ ಬಾಯಲ್ಲಿ ಪುಣಜನೂರನ್ನು ಹಾಗೇ ಉಳಿಸಿಕೊಂಡಿದ್ದರು.

ಒಳಗೆ ಮಂಚದ ಮೇಲೆ ಅವರ ಹೆಂಡತಿ ಇದ್ದರು. ಹೆಸರು ಆರೋಗ್ಯಮ್ಮ. ಕೇಸ್ ಪೇಪರಿನ ಮೇಲೆ ಆ ಹೆಸರು ನೋಡಿ ನನಗೆ ಒಂಥರಾ ಆಗಿತ್ತು. ತೆಳ್ಳಗಿನ ಹೆಂಗಸು, ಬಾಯಿ ಒಂದು ಕಡೆಗೆ ಜಾರಿತ್ತು, ಆದರೆ ಕಣ್ಣು ಮಾತ್ರ ಚುರುಕು. ನಾನು ಬಲಗಾಲು, ಬಲಗೈ ಎತ್ತಿ ಪರೀಕ್ಷಿಸಿದೆ. ಆಸರೆ ಇಲ್ಲದೆ ಕೂರಲೂ ಆಗುತ್ತಿರಲಿಲ್ಲ. ಹೊರಗೆ ಬಂದು, ಡಾಕ್ಟರು ಹೇಳಿಕೊಟ್ಟ ಹಾಗೆಯೇ, "ತಾವಾಗಿ ಕೂರುವಷ್ಟು ಮಾಡಬಹುದು ಸರ್" ಎಂದೆ.

"ಕೂರೋದು ಸಾಲ್ದು ಕಣವ್ವ. ಹಾಸಿಗೆ ಬಿಟ್ಟು ತಾನಾಗೇ ಎದ್ದು ಬಚ್ಚಲಿಗೆ ಹೋಗಿ ಬರ್ಬೇಕು. ಬ್ಯಾರೆ ಏನೂ ಕೇಳಲ್ಲ ನಿನ್ನ."

"ಅದು ಕಷ್ಟ ಸರ್."

"ಕಷ್ಟ ಅಂದ್ಯಲ್ಲ, ಆಗಲ್ಲ ಅನ್ನಲಿಲ್ಲ. ಸಾಕು."

ದೊಡ್ಡ ಅಧಿಕಾರದಲ್ಲಿದ್ದವರ ಹಟ ಇದು ಎಂದುಕೊಂಡೆ. ಕಾರಣ ತಿಳಿಯಲು ನನಗೆ ತಿಂಗಳುಗಳೇ ಬೇಕಾದವು.

ಮನೆಯಲ್ಲಿ ಜನಕ್ಕೆ ಕೊರತೆ ಇರಲಿಲ್ಲ. ಮಗ ಅಂತೋಣಿ ತೋಟ ನೋಡಿಕೊಳ್ಳುತ್ತಿದ್ದ. ಸೊಸೆ ರೋಸಿ ಗುಂಡ್ಲುಪೇಟೆಯ ಶಾಲೆಯಲ್ಲಿ ಟೀಚರ್. ಉಳಿದ ಮಕ್ಕಳು ಮೈಸೂರು, ಬೆಂಗಳೂರು ಎಂದು ಹತ್ತಿರದಲ್ಲೇ ಇದ್ದು, ಭಾನುವಾರ ಬಂದರೆ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೂ ಆರೋಗ್ಯಮ್ಮನವರ ಕೆಲಸವನ್ನು ಸಾಹೇಬರು ಯಾರಿಗೂ ಬಿಡುತ್ತಿರಲಿಲ್ಲ. ಮೈ ಒರೆಸುವುದು, ಗಂಜಿ ಕುಡಿಸುವುದು, ಸೀರೆ ಬದಲಿಸುವುದು ಎಲ್ಲ ಅವರೇ. ನಾನು ಹೋಗುವ ಹೊತ್ತಿಗೆ ಸರಿಯಾಗಿ ಅವರು ಹೆಂಡತಿಗೆ ಜಡೆ ಹಾಕುತ್ತಿದ್ದರು. ಮೊದಮೊದಲು ಜಡೆ ಸೊಟ್ಟಗಿರುತ್ತಿತ್ತು. ರೋಸಿ ಸರಿ ಮಾಡಲು ಹೋದರೆ, "ಬುಡವ್ವ, ನಾಳೆ ಇದಕ್ಕಿಂತ ಚೆಂದ ಬತ್ತದೆ" ಎನ್ನುತ್ತಿದ್ದರು. ಆಷಾಢ ಮುಗಿಯುವ ಹೊತ್ತಿಗೆ ಅವರು ಹಾಕುವ ಜಡೆ ನನ್ನದಕ್ಕಿಂತ ಚೆನ್ನಾಗಿರುತ್ತಿತ್ತು.

ಅವರ ಬದುಕು ನನಗೆ ಚೂರುಚೂರಾಗಿ ತಿಳಿಯಿತು. ಅಪ್ಪ ಕಾಡಿನ ಇಲಾಖೆಯಲ್ಲಿ ವಾಚರ್. ಸತ್ಯಮಂಗಲದ ರಸ್ತೆಯ ಅಂಚಿನಲ್ಲಿ ಗುಡಿಸಲು. ಪಾದ್ರಿಗಳ ಹಾಸ್ಟೆಲಿನಲ್ಲಿ ಇದ್ದುಕೊಂಡು ಚಾಮರಾಜನಗರದಲ್ಲಿ ಓದು. ಒಂದು ದಿನ ಶಾಲೆಯ ಮೇಲೆ ತಗ್ಗಿನಲ್ಲಿ ಹಾರಿಹೋದ ವಿಮಾನವನ್ನು ನೋಡಿ ಎಲ್ಲ ಹುಡುಗರೂ ಕೂಗಿದರಂತೆ. ಇವರು ಕೂಗಲಿಲ್ಲ, ಒಳಗೆ ಕೂತವನಿಗೆ ನಮ್ಮ ಶಾಲೆ ಹೇಗೆ ಕಾಣುತ್ತಿರಬಹುದು ಎಂದು ಯೋಚಿಸಿದರಂತೆ. ಮೊದಲ ಸಲ ವಾಯುಪಡೆಯ ಆಯ್ಕೆಗೆ ಹೋದಾಗ ತಿರಸ್ಕರಿಸಿದರು, ಎರಡನೆಯ ಸಲ ತೆಗೆದುಕೊಂಡರು. ಹೆಲಿಕಾಪ್ಟರ್ ನಡೆಸುವುದನ್ನು ಕಲಿತರು. ಹಿಮದ ಬೆಟ್ಟಗಳ ಮೇಲಿನ ಠಾಣೆಗಳಿಗೆ ಸೀಮೆಎಣ್ಣೆ, ಆಲೂಗಡ್ಡೆ, ಔಷಧಿ ಹೊತ್ತುಕೊಂಡು ಹೋಗುವುದು, ಬರುವಾಗ ಕಾಯಿಲೆ ಬಿದ್ದ ಸೈನಿಕರನ್ನು ಇಳಿಸಿಕೊಂಡು ಬರುವುದು. ಎಪ್ಪತ್ತೊಂದರ ಯುದ್ಧದಲ್ಲಿ ಗಾಯಾಳುಗಳನ್ನು ಗದ್ದೆಯ ಬದುವಿನಿಂದ ಎತ್ತಿಕೊಂಡು ಬಂದದ್ದಕ್ಕೆ ಒಂದು ಪದಕವೂ ಬಂದಿತ್ತು. ಅದು ಗೋಡೆಯ ಮೇಲಿರಲಿಲ್ಲ. "ಅಪ್ಪ ಅದನ್ನ ಅಮ್ಮನ ಒಡವೆ ಡಬ್ಬಿಗೆ ಹಾಕ್ಬುಟ್ಟವ್ರೆ. ಅದು ಅಮ್ಮಂದೂ ಹೌದು ಅಂತಾರೆ" ಎಂದ ಅಂತೋಣಿ. ಅವರು ಬೆಟ್ಟಗಳಲ್ಲಿದ್ದ ವರ್ಷಗಳಲ್ಲಿ ಕೊಳ್ಳೇಗಾಲದ ಕಡೆಯಿಂದ ಬಂದಿದ್ದ ಆರೋಗ್ಯಮ್ಮ, ಭಾಷೆ ಬಾರದ ಊರುಗಳ ಕ್ವಾರ್ಟರ್ಸಿನಲ್ಲಿ ಐದು ಮಕ್ಕಳನ್ನು ಒಬ್ಬರೇ ಸಾಕಿದ್ದರು.

ಜುಲೈ ತಿಂಗಳ ಒಂದು ಸಂಜೆ ಮಳೆಗೆ ಬಸ್ಸು ತಡವಾಗಿ, ನಾನು ಅವರ ಮನೆಯ ಜಪಸರ ಪ್ರಾರ್ಥನೆಯ ಹೊತ್ತಿಗೂ ಅಲ್ಲೇ ಇದ್ದೆ. ಎಲ್ಲರೂ ಮೊಣಕಾಲೂರಿ ಪ್ರಾರ್ಥನೆ ಹೇಳುತ್ತಿದ್ದರು. ಇದ್ದಕ್ಕಿದ್ದಂತೆ ಮಂಚದ ಕಡೆಯಿಂದ ಇನ್ನೊಂದು ಸಣ್ಣ ದನಿ ಸೇರಿಕೊಂಡಿತು. ಒಂದು ಲೋಟ ನೀರು ಕೇಳಲಾಗದ ಆರೋಗ್ಯಮ್ಮ ನಮೋ ಮರಿಯಾ ಪ್ರಾರ್ಥನೆಯ ಮಾತುಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದರು. ರೋಸಿ ಅಳಲು ಶುರುಮಾಡಿದಳು. ಅವರ ಸಂತೋಷಕ್ಕೆ ತಣ್ಣೀರು ಎರಚಲು ಮನಸ್ಸಿಲ್ಲದಿದ್ದರೂ ನಾನು ಸಾಹೇಬರಿಗೆ ನಿಜ ಹೇಳಿದೆ. ಬಾಯಿಪಾಠವಾದದ್ದು ಮೆದುಳಿನ ಬೇರೆ ಜಾಗದಿಂದ ಬರುತ್ತದೆ, ಯೋಚಿಸಿ ಆಡುವ ಮಾತು ಬೇರೆ, ಇದರಿಂದ ಮಾತು ಬಂದೇ ಬರುತ್ತದೆ ಎಂದು ಹೇಳಲಾಗುವುದಿಲ್ಲ.

"ರೇಡಿಯೋ ಕೆಟ್ಟಿಲ್ಲ ಅಂತಾಯ್ತಲ್ಲ," ಎಂದರು ಅವರು. "ಸ್ಟೇಷನ್ ಹಿಡಿಯೋದು ನನ್ನ ಕೆಲ್ಸ."

ಅಲ್ಲಿಂದ ಮುಂದೆ ನಾನು ವ್ಯಾಯಾಮ ಮಾಡಿಸುವಾಗ ಅವರು ಪಕ್ಕದ ಕುರ್ಚಿಯಲ್ಲಿ ಕೂತು ಹಳೆಯ ಕತೆಗಳನ್ನು ಹೇಳತೊಡಗಿದರು. ನನಗೆ ಹೇಳುವಂತೆ ಇದ್ದರೂ ಹೆಂಡತಿಗೆ ಕೇಳಿಸುವಂತೆ. ಕೇಳಲು ಬಹಳ ಚೆನ್ನಾಗಿರುತ್ತಿತ್ತು. ಆದರೆ ಕೆಲವು ದಿನಗಳಲ್ಲಿ ನನಗೆ ಒಂದು ಅನುಮಾನ ಬಂತು. ಸೋಮವಾರ ಹೇಳಿದಾಗ ಅವರ ಮದುವೆಯ ದಿನ ಸುಡುಬಿಸಿಲು. ಶುಕ್ರವಾರ ಹೇಳುವಾಗ ಜಡಿಮಳೆ. ಒಂದು ಸಲ ದೊಡ್ಡ ಮಗಳು ಹುಟ್ಟಿದ್ದು ಅಸ್ಸಾಮಿನಲ್ಲಿ, ಇನ್ನೊಂದು ಸಲ ಪಂಜಾಬಿನಲ್ಲಿ. ಮರೆವಿನ ಕಾಯಿಲೆ ಶುರುವಾಗಿದೆ ಎಂದು ನನಗೆ ಸಂಕಟವಾಯಿತು. ಹೂವು ಕೀಳಿಸುತ್ತಿದ್ದ ಅಂತೋಣಿಯನ್ನು ಹುಡುಕಿಕೊಂಡು ಹೋಗಿ ಹೇಳಿದೆ.

ಅವನು ಜೋರಾಗಿ ನಕ್ಕ. "ಅಪ್ಪಂಗಾ ಮರೆವು? ಮೊದ್ಲು ಹಾರಿಸಿದ ಮಿಷಿನ್ನಿನ ನಂಬರ್ ಕೇಳಿ ನೋಡಿ, ಹೇಳ್ತಾರೆ. ಅಮ್ಮಂಗೆ ತಪ್ಪು ಕಂಡ್ರೆ ಆಗಲ್ಲ ಮೇಡಂ. ಜೀವ್ನ ಪೂರ್ತಿ ಅಪ್ಪ ಏನು ಹೇಳಿದ್ರೂ ತಿದ್ದವ್ರೆ. ಅದನ್ನೇ ಕೆಣಕ್ತಾವ್ರೆ ಅಪ್ಪ."

ಆಮೇಲೆ ನಾನು ಆರೋಗ್ಯಮ್ಮನ ಮುಖವನ್ನು ಗಮನಿಸತೊಡಗಿದೆ. ಹೌದು, ಪ್ರತಿ ತಪ್ಪಿಗೂ ಅವರ ಹುಬ್ಬು ಗಂಟಿಕ್ಕುತ್ತಿತ್ತು. ಎಡಗೈ ಮೇಲೆದ್ದು ಹಾಸಿಗೆಗೆ ಬಡಿಯುತ್ತಿತ್ತು. ಸಿಟ್ಟು ಬಂದಾಗ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಆ ಸಿಟ್ಟಿನಲ್ಲೇ ಅವರು ಆಸರೆಯಿಲ್ಲದೆ ಕೂರುವುದನ್ನು ಕಲಿತರು.

ಆಗಸ್ಟಿನಲ್ಲಿ, ಓಣಂ ಹೂವಿಗೆಂದು ಕೇರಳದ ವ್ಯಾಪಾರಿಗಳು ತೋಟದಲ್ಲಿ ತುಂಬಿದ್ದ ದಿನ, ಸಾಹೇಬರು ಮದುವೆಯ ಕತೆಯನ್ನು ಮತ್ತೆ ತೆಗೆದರು. "ಹೆಣ್ಣು ನೋಡಕ್ಕೆ ಅಂತ ಹೋದೆ. ಇವ್ಳು ಬಾಗಿಲ ಸಂದಿಂದ ನನ್ನ ನೋಡ್ಬುಟ್ಟು, ಇವ್ರನ್ನೇ ಮದ್ವೆ ಆಗೋದು ಅಂತ ಅವ್ರಪ್ಪನ ತಾವ ಹಟ ಹಿಡಿದ್ಬುಟ್ಳು ಕಣವ್ವ. ಊಟ ಬುಟ್ಬುಟ್ಳಂತೆ ಎರಡು ದಿನ."

"ಸುಳ್ಳು," ಎಂದರು ಆರೋಗ್ಯಮ್ಮ.

ನಾನು ಹಿಡಿದಿದ್ದ ಅವರ ಕಾಲನ್ನು ಹಾಗೇ ಹಿಡಿದುಕೊಂಡು ನಿಂತೆ. ದನಿ ಒರಟಾಗಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. ಸಾಹೇಬರು ಬಹಳ ಮೆಲ್ಲಗೆ ಕೇಳಿದರು. "ಮತ್ತೆ ಯಾರು ಊಟ ಬುಟ್ಟಿದ್ದು?"

ಆರೋಗ್ಯಮ್ಮ ಎಡಗೈ ಎತ್ತಿ ಅವರ ಕಡೆ ತೋರಿಸಿದರು. ತುಟಿ ಬಹಳ ಹೊತ್ತು ಒದ್ದಾಡಿತು. "ನೀವು."

ಸಾಹೇಬರು ಎದ್ದು ಹೊರಗೆ ಹೋದರು. ಕಿಟಕಿಯಿಂದ ಕಾಣುತ್ತಿತ್ತು. ತೊಟ್ಟಿಯ ಬಳಿ ನಿಂತು, ವ್ಯಾಪಾರಿಗಳ ಗಲಾಟೆಯ ನಡುವೆ, ಮುಖಕ್ಕೆ ನೀರು ಎರಚಿಕೊಳ್ಳುತ್ತಲೇ ಇದ್ದರು. ಒಳಗೆ ಬಂದಾಗ ಅಂಗಿಯೆಲ್ಲ ಒದ್ದೆ. ಕುರ್ಚಿಯಲ್ಲಿ ಕೂತು, "ಸರಿ, ನಾನೇ ಬುಟ್ಟಿದ್ದೆ. ಆದ್ರೆ ಒಂದೇ ದಿನ" ಎಂದರು.

ಸೆಪ್ಟೆಂಬರಿನ ಹೊತ್ತಿಗೆ ಆರೋಗ್ಯಮ್ಮ ನನ್ನ ಭುಜ ಹಿಡಿದು ನಿಲ್ಲುವಂತಾಗಿದ್ದರು. ಮಾತು ಒಂದೊಂದೇ ಪದವಾಗಿ ಬರುತ್ತಿತ್ತು. ಒಂದು ಮಧ್ಯಾಹ್ನ ಮಳೆ ಹೆಂಚಿನ ಮೇಲೆ ಸುರಿಯುತ್ತಿದ್ದಾಗ ನಾನು ಯೋಚಿಸದೆ, "ನಿಮಗೆ ಯಾವತ್ತಾದರೂ ಸೋತೆ ಅನ್ನಿಸಿದೆಯಾ ಸರ್?" ಎಂದು ಕೇಳಿಬಿಟ್ಟೆ.

ಅವರು ಹೆಂಡತಿಯ ಕಡೆ ನೋಡಿದರು. ಆಮೇಲೆ ಹೇಳಿದರು. ಪೂರ್ವದ ಕಡೆ ಒಂದು ನೆರೆಯಲ್ಲಿ ಮಾಳಿಗೆಗಳ ಮೇಲೆ ಸಿಕ್ಕಿಕೊಂಡ ಜನರನ್ನು ಎತ್ತಿಕೊಂಡು ಬರುವ ಕೆಲಸ. "ಒಬ್ಬ ಗಂಡಸು ತನ್ನ ಹೆಂಡ್ತಿನ, ಕೈಗೂಸನ್ನ ಹತ್ತಿಸ್ದ. ತಾನೂ ಹತ್ತಿದ. ಭಾರ ಹೆಚ್ಚಾಗಿ ಮಿಷಿನ್ ಏಳ್ಲಿಲ್ಲ. ಕೈ ಸನ್ನೆ ಮಾಡ್ದೆ. ಒಂದು ಮಾತೂ ಆಡ್ದೆ ಇಳಿದ್ಬುಟ್ಟ. ಈಗ್ಲೇ ಬತ್ತೀನಿ ಅಂತ ಬೆರಳಲ್ಲಿ ತೋರ್ಸಿದೆ, ತಲೆ ಆಡಿಸ್ದ. ನಾವು ಹೋಗಿ ಇಳಿಯೋ ಹೊತ್ಗೆ ಮೋಡ ನೆಲಕ್ಕೆ ಇಳಿದಿತ್ತು. ಮತ್ತೆ ಏಳಕ್ಕೆ ಬುಡ್ಲಿಲ್ಲ. ಬೆಳಕಾದ್ಮೇಲೆ ಹೋದೆ. ಮನೆ ಇರ್ಲಿಲ್ಲ. ನೀರು ಮಾತ್ರ ಇತ್ತು." ಆಮೇಲೆ, "ಇದೊಂದನ್ನ ತಪ್ಪಾಗಿ ಹೇಳಕ್ಕೆ ನನ್ನ ಕೈಲಿ ಆಗಲ್ಲ" ಎಂದರು.

ಆಗ ಆರೋಗ್ಯಮ್ಮ ಮಾತನಾಡಿದರು. ಪ್ರತಿ ಪದಕ್ಕೂ ಅವರು ಪಟ್ಟ ಕಷ್ಟ ನನಗೆ ಗೊತ್ತಿತ್ತು, ಆದ್ದರಿಂದ ನಾನು ವ್ಯಾಯಾಮ ನಿಲ್ಲಿಸಿ ಕೇಳಿದೆ.

"ಇವರು... ಅಲ್ಲಿಗೇ... ನಿಲ್ಲಿಸ್ತಾರೆ."

ಸಾಹೇಬರು, "ಬುಡು ಆರೋಗ್ಯ" ಎಂದರು. ಆಕೆ ಬಿಡಲಿಲ್ಲ.

"ಅವನ ಹೆಂಡತಿ... ಕ್ಯಾಂಪಲ್ಲಿ ಇದ್ದಳು. ಇವರೇ... ಹುಡುಕ್ಕೊಂಡು ಹೋದ್ರು. ಹೋಗಿ ಅಂತ... ಯಾರೂ ಹೇಳಿರಲಿಲ್ಲ." ಉಸಿರು ತೆಗೆದುಕೊಂಡರು. "ಎದುರಿಗೆ... ನೆಲದ ಮೇಲೆ ಕೂತು... ಹೇಳಿದ್ರು. ನಾನು ಬರ್ತೀನಿ ಅಂದಿದ್ದೆ... ಆಗಲಿಲ್ಲ ಅಂತ. ಅವಳು ಅತ್ತಳು. ಆಮೇಲೆ... ಕೂಸನ್ನ... ಇವರ ತೊಡೆ ಮೇಲೆ... ಇಟ್ಟಳು."

ಕಾಯಿಲೆ ಬಿದ್ದ ಮೇಲೆ ಅವರು ಆಡಿದ ಅತಿ ಉದ್ದದ ಮಾತು ಅದು. ಗಂಡ ತಲೆ ತಗ್ಗಿಸಿ ಕೂತಿದ್ದರು. "ಒಂದೇ ಒಂದು ಸಲ ಹೇಳಿದ್ದೆ ಇದನ್ನ ಇವ್ಳಿಗೆ," ಎಂದರು ಕೊನೆಗೆ. "ಇಷ್ಟು ವರ್ಷದಲ್ಲಿ ಒಂದು ದಿನವೂ ಇವ್ಳು ಆ ಮಾತು ಎತ್ತಿರ್ಲಿಲ್ಲ."

ಆ ದಿನ ಬಸ್ಸಿನಲ್ಲಿ ಮನೆಗೆ ಹೋಗುವಾಗ ನಾನು ಯೋಚಿಸಿದ್ದು ಯುದ್ಧದ ಪದಕದ ಬಗ್ಗೆ ಅಲ್ಲ. ಗೆದ್ದ ಸುದ್ದಿಯನ್ನು ಹೇಳಲು ಎಲ್ಲರೂ ಓಡುತ್ತಾರೆ. ಸೋತ ಸುದ್ದಿಯನ್ನು, ಅದು ತಗುಲಬೇಕಾದವರ ಮನೆಬಾಗಿಲಿಗೇ ಹೋಗಿ, ಎದುರಿಗೆ ಕೂತು ಹೇಳುವವರು ಎಷ್ಟು ಜನ? ನಮ್ಮ ಕೆಲಸದಲ್ಲಿ ನಾನೂ ಎಷ್ಟೋ ಸಲ ಅಂಥ ಮಾತು ಹೇಳಬೇಕಾಗುತ್ತದೆ. ಹೇಳುವಾಗ ಈಗಲೂ ಮೊದಲು ಕುರ್ಚಿ ಎಳೆದುಕೊಂಡು ಅವರೆದುರು ಕೂರುತ್ತೇನೆ.

ಅಕ್ಟೋಬರಿನಲ್ಲಿ ನಾನು ಹೋದ ಒಂದು ಬೆಳಗ್ಗೆ ಗೇಟಿನ ಬಳಿ ಸಾಹೇಬರಿರಲಿಲ್ಲ. ಅಂಗಳದಲ್ಲಿ ಕುಸಿದುಬಿದ್ದಿದ್ದರು, ಅಂತೋಣಿ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ರೋಸಿ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು. ಮಾವನ ಹೃದಯ ಸೋತಿದೆಯೆಂದು ಅತ್ತೆಗೆ ಸ್ಟ್ರೋಕ್ ಆಗುವ ಮುಂಚೆಯೇ ಡಾಕ್ಟರು ಹೇಳಿದ್ದರು. ಈ ವಯಸ್ಸಿನಲ್ಲಿ ಆಪರೇಷನ್ ಬೇಡ ಎಂದು ಮಾವನೇ ನಿರ್ಧರಿಸಿದ್ದರು. "ಅತ್ತೆ ಯಾವತ್ತೂ ಯಾರ ಕೈಲೂ ಒಂದು ಲೋಟ ನೀರು ತರಿಸ್ಕೊಂಡವರಲ್ಲ. ತಾನು ಹೋದ ಮೇಲೆ ಇವಳು ಬಚ್ಚಲಿಗೂ ಇನ್ನೊಬ್ಬರನ್ನ ಕೂಗಿ ಕಾಯೋ ಹಾಗಾಗಬಾರದು, ಆ ನಾಚಿಕೆ ಅವಳು ತಡ್ಕೊಳಲ್ಲ ಅಂತ ಮಾವ ನಮಗೆ ಹೇಳಿದ್ರು."

ಮೊದಲ ದಿನ ಕೇಳಿದ ಆ ಒಂದೇ ಬೇಡಿಕೆಯ ಅರ್ಥ ನನಗೆ ಆಗ ಹೊಳೆಯಿತು. ಕಣ್ಣೊರೆಸಿಕೊಂಡು ಕೋಣೆಗೆ ಹೋದೆ. ಇವತ್ತು ವ್ಯಾಯಾಮ ಬೇಡ ಎನ್ನುತ್ತಾರೆ, ಒತ್ತಾಯ ಮಾಡಬಾರದು ಎಂದುಕೊಂಡಿದ್ದೆ. ಆರೋಗ್ಯಮ್ಮ ಮಂಚದ ಅಂಚಿಗೆ ಬಂದು ಕಾಲು ಇಳಿಬಿಟ್ಟು ನನಗಾಗಿ ಕಾಯುತ್ತಿದ್ದರು. ಜಡೆ ಹಾಕಿರಲಿಲ್ಲ.

"ಕೋಲು," ಎಂದರು.

ನಾಲ್ಕು ಕಾಲಿನ ಊರುಗೋಲನ್ನು ಎಡಗೈಗೆ ಕೊಟ್ಟೆ. ಎದ್ದರು, ಬಿದ್ದಂತಾಗಿ ನನ್ನ ಮೇಲೆ ವಾಲಿದರು, ಮತ್ತೆ ಎದ್ದರು. ಆ ವಾರ ನಾನು ಕ್ಲಿನಿಕ್ಕಿಗೆ ಹೇಳಿ ದಿನವೂ ಹೋದೆ. ಅವರು ಅಳಲಿಲ್ಲ, ಗಂಡನ ಬಗ್ಗೆ ಹೆಚ್ಚು ಕೇಳಲೂ ಇಲ್ಲ. ಬಲಗಾಲು ನೆಲದ ಮೇಲೆ ಎಳೆಯುತ್ತಿತ್ತು. ಅದನ್ನು ಬೈದುಕೊಂಡು ಮುಂದೆ ಇಡುತ್ತಿದ್ದರು. ಒಂದು ದಿನ ನಾನು ಹಿಂದೆ ಕೈ ಚಾಚಿಕೊಂಡು ಬರುತ್ತಿದ್ದರೆ, "ದೂರ ಇರಮ್ಮ" ಎಂದು ಬಚ್ಚಲಿನ ಬಾಗಿಲು ಹಾಕಿಕೊಂಡರು. ಹೊರಗೆ ನಾನೂ ರೋಸಿಯೂ ಒಬ್ಬರ ಕೈ ಒಬ್ಬರು ಹಿಡಿದು ನಿಂತೆವು. ನೀರು ಬಿಟ್ಟ ಸದ್ದು ಕೇಳಿಸಿತು. ಬಾಗಿಲು ತೆರೆಯಿತು.

ಸಾಹೇಬರನ್ನು ಮನೆಗೆ ಕರೆತಂದ ದಿನ ಮಳೆ ನಿಂತು ಬಿಸಿಲು ಬಿದ್ದಿತ್ತು. ಬಹಳ ಇಳಿದುಹೋಗಿದ್ದರು. ಅಂತೋಣಿ ಅವರನ್ನು ಕಾರಿನಿಂದ ಗಾಲಿಕುರ್ಚಿಗೆ ಕೂರಿಸುವಾಗ ಜಗುಲಿಯ ಮೇಲೆ ಆರೋಗ್ಯಮ್ಮ ಬಂದು ನಿಂತರು. ಸಾಹೇಬರು ನೋಡಿದರು, ಆಕೆಯ ಪಕ್ಕದಲ್ಲಿ ಯಾರೂ ಇಲ್ಲದ್ದನ್ನು ಗಮನಿಸಿದರು. ಕುರ್ಚಿ ಹತ್ತಿರ ಬಂದ ಮೇಲೆ ಆಕೆ ಗಂಡನ ಗಡ್ಡ ನೋಡಿ, "ಶೇವ್... ಮಾಡಿಲ್ಲ" ಎಂದು ಆಕ್ಷೇಪಿಸಿದರು.

"ಆಸ್ಪತ್ರೆಲಿ ಸರಿಯಾಗಿ ಮಾಡ್ಲಿಲ್ಲ ಕಣ," ಎಂದರು ಅವರು. "ನೀನೇ ಮಾಡು."

ಆ ಕ್ರಿಸ್‌ಮಸ್‌ಗೆ ಬೆಳಗಿನ ಬಲಿಪೂಜೆಗೆ ಇಬ್ಬರೂ ಚರ್ಚಿಗೆ ಹೋದರು. ನಮ್ಮ ಮನೆಗೆ ಕಲ್‌ಕಲ್ ಎಂಬ ಕರಿದ ಸಿಹಿ ಒಂದು ಡಬ್ಬಿ, ಕೇಕು ಒಂದು ಡಬ್ಬಿ ಬಂತು. ಅಜ್ಜಿ ಕೇಕನ್ನು ತಿರುಗಿಸಿ ನೋಡಿ, ಮೊಟ್ಟೆ ಇರಬಹುದೆಂದು ಮುಟ್ಟದೆ, ಕಲ್‌ಕಲ್ ಡಬ್ಬಿಯನ್ನು ಮಾತ್ರ ತನ್ನ ತಲೆದಿಂಬಿನ ಪಕ್ಕ ಇಟ್ಟುಕೊಂಡಳು.

ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರ ಕಳೆದ ಮಾರನೆಯ ದಿನ ಸಾಹೇಬರು ಬೆಳಗಿನ ಕಾಫಿ ಕುಡಿದು, ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಗುಂಡ್ಲುಪೇಟೆಯ ಅಂಗಡಿಯವರು, ಹೂವು ಕೀಳುವ ಹೆಂಗಸರು, ಅರಣ್ಯ ಇಲಾಖೆಯವರು, ನನ್ನನ್ನು ಮೊದಲ ದಿನ ಇಳಿಸಿದ್ದ ಕಂಡಕ್ಟರ್ ಕೂಡ ಬಂದಿದ್ದರು. ಬೆಂಗಳೂರಿನಿಂದ ವಾಯುಪಡೆಯ ಕೆಲವರು ಬಂದು ಪೆಟ್ಟಿಗೆಯ ಮೇಲೆ ರಾಷ್ಟ್ರಧ್ವಜ ಹೊದಿಸಿದ್ದರು. ಸ್ಮಶಾನದಲ್ಲಿ ಫಾದರ್ ಪ್ರಾರ್ಥನೆ ಮುಗಿಸಿದ ಮೇಲೆ ವಾಯುಪಡೆಯವರು ಆ ಧ್ವಜವನ್ನು ಮಡಚಿದರು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಆರೋಗ್ಯಮ್ಮನವರನ್ನು ಕೂರಿಸಿದ್ದರು. ಎಳೆಯ ವಯಸ್ಸಿನ ಅಧಿಕಾರಿಯೊಬ್ಬರು ಧ್ವಜವನ್ನು ಎರಡೂ ಕೈಯಲ್ಲಿ ಹಿಡಿದು ಬಂದು, ಅವರ ಮಡಿಲಿಗೆ ಇಡಲು ಬಾಗಿದರು.

"ತಾಳಪ್ಪ," ಎಂದರು ಆರೋಗ್ಯಮ್ಮ.

ಅಂತೋಣಿ ಮುಂದೆ ಬಂದ. ಆಕೆ ತಲೆ ಅಲ್ಲಾಡಿಸಿದರು. ಎಡಗೈಯಲ್ಲಿ ಕೋಲನ್ನು ಊರಿ, ಸೊಂಟವನ್ನು ಮುಂದೆ ತಂದು, ನಾನು ಕಲಿಸಿದ ಹಾಗೆಯೇ ಭಾರವನ್ನು ಎರಡೂ ಕಾಲಿಗೆ ಹಂಚಿದರು. ಮೊದಲ ಸಲ ಏಳಲಾಗಲಿಲ್ಲ. ಯಾರೂ ಅಲುಗಾಡಲಿಲ್ಲ. ಅಧಿಕಾರಿ ಬಾಗಿದ್ದವರು ನೆಟ್ಟಗಾಗಿ, ಧ್ವಜ ಹಿಡಿದು ಕಾದರು. ಎರಡನೆಯ ಸಲ ಎದ್ದರು. ಕೋಲನ್ನು ಕುರ್ಚಿಗೆ ಒರಗಿಸಿ, ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಯ ಬಳಿ ತಂದು, ಎರಡೂ ಕೈಯಲ್ಲಿ ಧ್ವಜವನ್ನು ತೆಗೆದುಕೊಂಡರು.